ಮ್ಯಾಸಿಲನ್‌ನ ಪುಟ್ಟ ಚೆಂಡು

ಅಕ್ಕನ ಮಗ ಅಮೆರಿಕದ ಓಹಾಯೋದ ಆಕ್ರನ್‌ನಲ್ಲಿ ಓದುತ್ತಿದ್ದಾನೆ. ಅವನ ಜೊತೆ ಹತ್ತು ದಿನ ಇದ್ದೆ. ಊರೂರು ಸುತ್ತಿದ್ದಾಯಿತು. ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಮ್ಯಾಸಿಲನ್ ಎಂಬ ಸಣ್ಣ ಊರಿನ ಒಂದು ಮಧ್ಯಾಹ್ನ.

"ಮಾಮ, ನಂಗೆ ಕ್ಲಾಸಿದೆ. ನೀವು ಪಾಲ್ ಬ್ರೌನ್ ಸ್ಟೇಡಿಯಂ ನೋಡ್ಕೊಂಡು ಬನ್ನಿ" ಅಂತ ಇಳಿಸಿ ಹೋದ. ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂ ಅದು. 16 ಸಾವಿರಕ್ಕೂ ಜಾಸ್ತಿ ಜನ ಕೂರಬಹುದು!

ಅಲ್ಲಿಂದ ಕ್ಯಾಂಟನ್‌ಗೆ ಹೋಗಲು ಬುಕ್ ಮಾಡಿದ ಕ್ಯಾಬ್ ಎರಡು ಸಲ ಕ್ಯಾನ್ಸಲ್ ಆಯಿತು. ಅಕ್ಟೋಬರ್ ಗಾಳಿ, ಮೈಮೇಲೆ ಸ್ವೆಟರ್ ಇಲ್ಲ. ಹೋಗುವವರು ವಾಪಸ್ ಬರುವ ಗಾಡಿ ಮೊದಲೇ ಗಟ್ಟಿ ಮಾಡಿಕೊಳ್ಳಿ. ಗೇಟಿನ ಬಳಿ ನಡುಗುತ್ತಾ ನಿಂತವನನ್ನು ಒಬ್ಬ ಹಿರಿಯರು ಮಾತನಾಡಿಸಿದರು. ಮೊದಲು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಆಗಷ್ಟೇ ಹುಟ್ಟಿದ ಮೊಮ್ಮಗ, ಪಕ್ಕದಲ್ಲಿ ಅಂಗೈಯಷ್ಟು ಪುಟ್ಟ ಫುಟ್‌ಬಾಲ್. ಗಂಡುಮಗು ಹುಟ್ಟಿದರೆ ಚೆಂಡು ಕೊಡುವುದು ಈ ಊರಿನ ಹಳೆಯ ಸಂಪ್ರದಾಯವಂತೆ!

ಆಮೇಲೆ ಯಾರ ಹೆಸರು ಸ್ಟೇಡಿಯಂಗಿದೆಯೋ ಆ ಪಾಲ್ ಬ್ರೌನ್ ಕಥೆ. ಇದೇ ಶಾಲೆಯಲ್ಲಿ ಓದಿದ ಹುಡುಗ 1932ರಲ್ಲಿ ಇಲ್ಲಿಗೇ ಕೋಚ್ ಆಗಿ ಬಂದ. ಒಂಬತ್ತು ವರ್ಷದಲ್ಲಿ 80 ಗೆಲುವು, 8 ಸೋಲು. ಮುಂದೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ವೃತ್ತಿಪರ ತಂಡ ಕಟ್ಟಿದಾಗ ಆಟಗಾರರನ್ನು ಬೆಂಚಿನಲ್ಲಿ ಕೂರಿಸಿ ನೋಟ್ಸ್ ಬರೆಸುತ್ತಿದ್ದ. ಪಂದ್ಯದ ಫಿಲ್ಮ್ ಹಾಕಿ ಒಬ್ಬೊಬ್ಬರಿಗೂ ಅಂಕ ಕೊಡುತ್ತಿದ್ದ. 1956ರಲ್ಲಿ ಹೆಲ್ಮೆಟ್ಟಿನೊಳಗೆ ರೇಡಿಯೋ ಕೂರಿಸಿ ಆಟಗಾರನ ಕಿವಿಗೇ ಸೂಚನೆ ಕಳಿಸಿದ. ವೃತ್ತಿಪರ ತಂಡಗಳ ಲೀಗ್ ಅದನ್ನು ಬೇಗನೆ ನಿಷೇಧಿಸಿತು. 1994ರಲ್ಲಿ ಅದೇ ಲೀಗ್ ಹೆಲ್ಮೆಟ್ ರೇಡಿಯೋಗೆ ಒಪ್ಪಿಗೆ ಕೊಟ್ಟಿತು.

ರೇಡಿಯೋ ಕಥೆ ಕೇಳಿ ನಾನು ಬೆರಗಾದೆ. ಹಿರಿಯರು ತಲೆಯಾಡಿಸಿದರು. "ಅದು ದೊಡ್ಡದಲ್ಲ. ಮ್ಯಾರಿಯನ್ ಮಾಟ್ಲಿ ಗೊತ್ತಾ?"

ಮಾಟ್ಲಿ ಪಕ್ಕದ ಕ್ಯಾಂಟನ್‌ನವನು, ಕಪ್ಪು ಹುಡುಗ. ಮ್ಯಾಸಿಲನ್‌ಗೂ ಕ್ಯಾಂಟನ್ ಮೆಕಿನ್ಲಿ ಶಾಲೆಗೂ 1894ರಿಂದ ಜಿದ್ದು. ಎದುರಾಳಿಯಾಗಿ ಕಂಡ ಆ ಹುಡುಗನ ಓಟವನ್ನು ಬ್ರೌನ್ ಮರೆಯಲಿಲ್ಲ. 1946ರಲ್ಲಿ ಮಾಟ್ಲಿಯನ್ನೂ ಬಿಲ್ ವಿಲಿಸ್ ಎಂಬ ಇನ್ನೊಬ್ಬ ಕಪ್ಪು ಆಟಗಾರನನ್ನೂ ತಂಡಕ್ಕೆ ಸೇರಿಸಿಕೊಂಡ. ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರ ಮೇಜರ್ ಲೀಗಿಗೆ ಬರುವುದಕ್ಕೆ ಒಂದು ವರ್ಷ ಮೊದಲು! ಅದೇ ವರ್ಷ ಮಯಾಮಿಯ ಪಂದ್ಯಕ್ಕೆ ಮಾತ್ರ ಇಬ್ಬರನ್ನೂ ಕರೆದೊಯ್ಯಲಾಗಲಿಲ್ಲ, ಅಲ್ಲಿ ಆಗ ಕಪ್ಪು-ಬಿಳಿ ಆಟಗಾರರು ಒಟ್ಟಿಗೆ ಆಡುವಂತಿರಲಿಲ್ಲ. ಇದನ್ನು ಹೇಳುವಾಗ ಹಿರಿಯರ ದನಿ ಇಳಿಯಿತು.

"ಬನ್ನಿ" ಅಂತ ತಮ್ಮ ಕಾರಿನಲ್ಲೇ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ಗೆ, ಅಂದರೆ ಫುಟ್‌ಬಾಲ್ ದಿಗ್ಗಜರ ಮ್ಯೂಸಿಯಂಗೆ, ಕರೆದೊಯ್ದರು. ಪರದೆ, ದೀಪಗಳ ಅಬ್ಬರ ನನಗೆ ಹಿಡಿಸಲಿಲ್ಲ. ಕಂಚಿನ ಮುಖಗಳ ಕೋಣೆ ಮಾತ್ರ ತಣ್ಣಗಿತ್ತು. ಬ್ರೌನ್‌ಗೆ 1967ರಲ್ಲಿ ಅಲ್ಲಿ ಜಾಗ ಸಿಕ್ಕಿತು, ಮಾಟ್ಲಿಗೆ 1968ರಲ್ಲಿ. ಹಿರಿಯರು ಬ್ರೌನ್ ಮುಂದೆ ಒಂದು ಕ್ಷಣ ನಿಂತರು. ಮಾಟ್ಲಿ ಮುಂದೆ ಬಂದಾಗ ಟೋಪಿ ತೆಗೆದರು.