ಕೆರೆಬೇಟೆಗೆ ಹೋದ ದಿನ

ಸೊರಬದ ಕಡೆ ಬೇಸಿಗೆ ಅಂದರೆ ಕೆರೆಬೇಟೆಯ ಕಾಲ. ಮೇ ತಿಂಗಳ ಹೊತ್ತಿಗೆ ಸಣ್ಣ ಕೆರೆಗಳೆಲ್ಲ ತಳ ಕಾಣುತ್ತವೆ. ದಡದ ಕೆಸರು ಒಣಗಿ ಬಿರುಕು ಬಿಡುತ್ತದೆ. ನಡುವೆ ಮಾತ್ರ ಮಂಡಿಯಿಂದ ಸೊಂಟದವರೆಗೆ ನೀರು ಉಳಿಯುತ್ತದೆ. ಇಡೀ ಕೆರೆಯ ಮೀನು ಅಲ್ಲಿಗೇ ಬಂದು ಸೇರುತ್ತದೆ. ಆಗ ಊರಿನವರು ಕೂತು ಬೇಟೆಗೆ ದಿನ ಗೊತ್ತು ಮಾಡುತ್ತಾರೆ. ಸುತ್ತಲಿನ ಊರುಗಳಿಗೆ ಸುದ್ದಿ ಹೋಗುತ್ತದೆ. ಮೀನು ಹಿಡಿಯುವ ಬಿದಿರಿನ ಬುಟ್ಟಿಗೆ ಇಲ್ಲಿ ಕೂಣಿ ಅನ್ನುತ್ತಾರೆ. ಒಂದು ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಿದವರು ಕೆರೆಗೆ ಇಳಿಯಬಹುದು.

ಈ ಸಲ ನನ್ನ ಸೋದರಮಾವನ ಊರಲ್ಲಿ ಬೇಟೆ ಇತ್ತು. ಹಿಂದಿನ ದಿನವೇ ಹೋಗಿ ಉಳಿದುಕೊಂಡೆ. ಮಾವ ಹಾಗೆ ಹೇಳಿದ್ದರು. "ಬೇಟೆ ಆಮೇಲೆ. ಮೊದ್ಲು ಬೆಳಗಿನ ಜಾವ ನೀರು ನೋಡು ಅಳಿಯ. ಮೀನು ಎಲ್ಲಿದೆ ಅಂತ ಅದೇ ಹೇಳ್ತದೆ" ಅಂದರು.

ಬೆಳಕು ಹರಿಯುವ ಮೊದಲೇ ಏರಿ ಮೇಲೆ ಹೋಗಿ ಕೂತೆವು. ಸ್ವಲ್ಪ ಕಣ್ಣು ಹೊಂದಿಕೊಂಡ ಮೇಲೆ ಕಂಡಿತು. ನೀರಿನ ಮೇಲೆಲ್ಲ ಸಣ್ಣ ಸಣ್ಣ ಬಾಯಿಗಳು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹುಳ ತಿನ್ನುತ್ತಿವೆ ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಅದು ಉಸಿರಿನ ಪರದಾಟ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಇರುವ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಬಿಸಿ ಏರಿದಾಗ ಮೀನಿಗೆ ಬೇಕಾಗುವುದು ಮಾತ್ರ ಜಾಸ್ತಿ. ಅದರ ಮೇಲೆ ಹಸಿರು ಪಾಚಿ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿಯಿಡೀ ಅದನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ನೀರಲ್ಲಿ ಉಸಿರು ತೀರಾ ಕಡಿಮೆ ಆಗಿರುತ್ತದೆ.

ಗಾಳ ಹಾಕುವವರಿಗೂ ಇದು ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಒಳ್ಳೆಯದು ಅನ್ನುತ್ತಾರೆ. ಆಳವಾದ ತಿಳಿನೀರಿನ ಜಲಾಶಯಕ್ಕೆ ಅದು ಸರಿ. ಪಾಚಿ ಕಟ್ಟಿದ ಇಂಥ ಆಳವಿಲ್ಲದ ಕೆರೆಗೆ ಅಲ್ಲ. ಉಸಿರಿಗೇ ಒದ್ದಾಡುವ ಮೀನು ಎರೆ ಮುಟ್ಟುವುದಿಲ್ಲ. ಬಿಸಿಲು ಬಿದ್ದು ಒಂದೆರಡು ತಾಸು ಕಳೆದ ಮೇಲೆ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ ಕೂತರೆ ಬೆಂಡು ಅಲ್ಲಾಡುತ್ತದೆ. ಜಿಲೇಬಿ ಮೀನಿಗೆ ಎರೆಹುಳ ಸಾಕು. ರೋಹುಗೆ ಶೇಂಗಾ ಹಿಂಡಿ ಕಲಸಿದ ಹಿಟ್ಟು. ಹಾವಿನ ತಲೆಯ ಕೊರವ ಮೀನು ಬೇಕಾದರೆ ಜೊಂಡಿನ ಸಂದಿಯಲ್ಲಿ ಸಣ್ಣ ಕಪ್ಪೆ ಕಟ್ಟಿ ಎಳೆಯಬೇಕು.

ಮಾವ ಬೆರಳು ತೋರಿಸುತ್ತಾ ಹೋದರು. ಕಾಟ್ಲಾ ಬಾಯಿ ತೆರೆದುಕೊಂಡು ಮೇಲೆಯೇ ತೇಲುತ್ತದೆ, ಉಂಗುರ ಮೆಲ್ಲಗೆ ಹರಡುತ್ತದೆ. ಕೊರವ ಹಾಗಲ್ಲ. ಗಬಕ್ಕನೆ ಒಂದು ಗುಟುಕು ಗಾಳಿ ನುಂಗಿ ತಳಕ್ಕೆ ಹೋಗಿಬಿಡುತ್ತದೆ. ಕಿವಿರಿನ ಜೊತೆಗೆ ಗಾಳಿ ಹೀರುವ ಅಂಗವೂ ಅದಕ್ಕಿದೆ. ಎಷ್ಟೇ ಕೆಟ್ಟ ನೀರಿದ್ದರೂ ಅದು ಬದುಕುತ್ತದೆ, ಆದರೆ ಮೇಲೆ ಬರದೆ ಇರಲಾರದು. "ಈಗ ಎದ್ದಿತಲ್ಲ, ಆ ಜಾಗ ನೆನಪಿಟ್ಕೋ" ಅಂದರು ಮಾವ. ತೂಬಿನಿಂದ ಸ್ವಲ್ಪ ದೂರ, ಜೊಂಡಿನ ಅಂಚಿನಲ್ಲಿ ಮತ್ತೆ ಮತ್ತೆ ಆ ಗುಟುಕು ಕಾಣುತ್ತಿತ್ತು.

ಹತ್ತು ಗಂಟೆಗೆಲ್ಲ ಏರಿ ತುಂಬಾ ಜನ. ಬೈಕುಗಳು, ಟ್ರ್ಯಾಕ್ಟರುಗಳು, ಹೆಗಲ ಮೇಲೆ ಕೂಣಿ ಹೊತ್ತವರು. ಕೂಣಿ ಅಂದರೆ ಬಿದಿರಿನ ಸೀಳುಗಳನ್ನು ಸುತ್ತಲೂ ಹೆಣೆದ, ತಳವಿಲ್ಲದ ಬುಟ್ಟಿ. ಕೆಳಗೆ ಅಗಲ ಬಾಯಿ, ಮೇಲೆ ತೋಳು ಹೋಗುವಷ್ಟೇ ಕಿಂಡಿ. ಮಾವನದು ಹಳೆಯದು, ಹಿಡಿಯುವ ಜಾಗದಲ್ಲಿ ಬಿದಿರು ನುಣ್ಣಗೆ ಸವೆದು ಕಂದು ಬಣ್ಣಕ್ಕೆ ತಿರುಗಿದೆ. ಪೂಜೆ ಆಯಿತು. ಸಮಿತಿಯವರು ಮೈಕಿನಲ್ಲಿ ಒಂದು ಮಾತು ಒತ್ತಿ ಹೇಳಿದರು. ತೂಬಿನ ಮುಂದಿನ ಗುಂಡಿಗೆ ಯಾರೂ ಕೂಣಿ ಹಾಕಬಾರದು. ಅದರ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಸೀಟಿ ಊದಿದ್ದೇ ತಡ, ಎಲ್ಲರೂ ಕೂಗುತ್ತಾ ನೀರಿಗೆ ನುಗ್ಗಿದರು.

ನಾನು ಬಲೆಯ ಮೀನುಗಾರಿಕೆ ನೋಡಿದ್ದೇನೆ, ಗಾಳವನ್ನೂ ಹಾಕಿದ್ದೇನೆ. ಇದರ ರೀತಿಯೇ ಬೇರೆ. ಇಲ್ಲಿ ಮೀನು ಕಾಣುವುದೇ ಇಲ್ಲ. ಅಷ್ಟೊಂದು ಕಾಲು ತುಳಿದು ನೀರು ಕ್ಷಣದಲ್ಲಿ ಕದಡಿ ಹೋಗುತ್ತದೆ. ಬೇಕಾಗಿರುವುದೂ ಅದೇ. ತಳದ ಕೊಳೆತ ಕೆಸರು ಮೇಲೆದ್ದಾಗ ನೀರಿನಲ್ಲಿದ್ದ ಅಷ್ಟಿಷ್ಟು ಆಮ್ಲಜನಕವೂ ಮುಗಿಯುತ್ತದೆ, ಮೀನಿನ ಕಿವಿರಿಗೆ ಮಣ್ಣು ಮೆತ್ತುತ್ತದೆ. ಸ್ವಲ್ಪ ಹೊತ್ತಿಗೆ ಕಾಟ್ಲಾ, ರೋಹುಗಳು ಮಂಕಾಗಿ ಮೇಲೆ ಏಳುತ್ತವೆ. ಮೊದಲ ನೂಕುನುಗ್ಗಲಿಗೆ ಓಡಬೇಡ, ನೀರು ಕದಡಲಿ ಅಂತ ಮಾವ ನನ್ನ ತೋಳು ಹಿಡಿದು ನಿಲ್ಲಿಸಿದ್ದು ಅದಕ್ಕೇ.

ಆಮೇಲೆ ಹೆಜ್ಜೆಗೊಂದು ಕೂಣಿ. ಎತ್ತು, ಮುಂದಕ್ಕೆ ಹಾಕು, ತಳಕ್ಕೆ ಒತ್ತು. ಅಂಚು ಕೆಸರಲ್ಲಿ ಕೂರದಿದ್ದರೆ ಮೀನು ಅಡಿಯಿಂದಲೇ ಜಾರುತ್ತದೆ. ಒಳಗೆ ಮೀನು ಸಿಕ್ಕಿದರೆ ಗೊತ್ತಾಗುವುದು ಅಂಗೈಗೆ. ಬಿದಿರಿಗೆ ಧಡ್ ಅಂತ ಒಂದು ಹೊಡೆತ ಬೀಳುತ್ತದೆ. ಜೊಂಡಿನ ಹತ್ತಿರ ನನಗೆ ಅದು ಬಿದ್ದಾಗ ಎದೆ ಹಾರಿಹೋಯಿತು. ಕೂಣಿಯ ಮೇಲೆ ಎದೆ ಊರಿ, ಕಿಂಡಿಯಿಂದ ತೋಳು ಇಳಿಸಿದೆ. ಬಿಸಿನೀರು, ಅದರ ಕೆಳಗೆ ತಣ್ಣನೆ ಕೆಸರು. ಆ ಕೆಸರಲ್ಲಿ ಬೆರಳಿಗೆ ಸೋಕಿ ಜಾರುವ ದಪ್ಪ ಮೈ. "ಬಾಲಕ್ಕೆ ಹೋಗ್ಬೇಡ, ತಲೆ ಹುಡುಕು" ಅಂತ ಮಾವ ಪಕ್ಕದಿಂದ ಕೂಗಿದರು. ತಲೆಯನ್ನು ಕೆಸರಿಗೆ ಒತ್ತಿ, ಕಿವಿರಿನ ಹಿಂದೆ ಬೆರಳು ಸಿಕ್ಕಿಸಿ ಎಳೆದೆ. ಕೊರವ! ಮೊಣಕೈಯುದ್ದ ಇತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಲೆ ಹಾವಿನದೇ.

ಹಾಗೆ ಸುಮ್ನೆ ಕೈ ಹಾಕುವುದರಲ್ಲಿ ಅಪಾಯವೂ ಇದೆ. ನಮ್ಮ ಪಕ್ಕದಲ್ಲಿದ್ದ ಹುಡುಗನಿಗೆ ಚೇಳು ಮೀನು ಚುಚ್ಚಿತು. ಅದರ ಪಕ್ಕದ ರೆಕ್ಕೆಯ ಮುಳ್ಳಲ್ಲಿ ವಿಷ ಇರುತ್ತದೆ. ಕೈ ಊದಿಕೊಂಡು ಹುಡುಗ ಅತ್ತೇಬಿಟ್ಟ. ಹತ್ತಿರದ ಮನೆಯವರು ತಡೆಯುವಷ್ಟು ಬಿಸಿ ಇರುವ ನೀರಲ್ಲಿ ಕೈ ಅದ್ದಿಸಿ ಕೂರಿಸಿದ ಮೇಲೆ ನೋವು ಇಳಿಯಿತು, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಮಧ್ಯಾಹ್ನ ಹಗ್ಗದ ಹತ್ತಿರ ಜಗಳ ಶುರುವಾಯಿತು. ಏನೂ ಸಿಗದ ಕೆಲವರು ದುಡ್ಡು ಕೊಟ್ಟಿದ್ದೇವೆ, ಗುಂಡಿಗೂ ಇಳಿಯುತ್ತೇವೆ ಅಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಆ ಹಗ್ಗ ಇರಲೇಬೇಕು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ, ಅವುಗಳ ಮರಿ ತಂದು ಬಿಡಬೇಕು. ಕೊರವ ಹಾಗಲ್ಲ, ಅದು ಕೆರೆಯದೇ ಮೀನು. ಮಳೆ ಬಿದ್ದಾಗ ಜೊಂಡಿನ ನಡುವೆ ಗೂಡು ಮಾಡಿ ಮೊಟ್ಟೆ ಇಡುತ್ತದೆ, ಕೆಂಪಗಿನ ಮರಿಗಳ ಗುಂಪನ್ನು ಕಾಯುತ್ತದೆ. ಗುಂಡಿಯನ್ನೂ ಬಾಚಿದರೆ ಮುಂದಿನ ವರ್ಷ ಅದನ್ನು ಎಲ್ಲಿಂದ ತರುವುದು? ಪಂಪು ಇಟ್ಟು ನೀರು ಖಾಲಿ ಮಾಡುವ ಕೆರೆಗಳ ಬಗ್ಗೆ ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಸಮಿತಿಯ ಹಿರಿಯರು ಹಗ್ಗದ ಮುಂದೆ ಸಾಲಾಗಿ ನಿಂತರು, ಕೊನೆಗೂ ಯಾರೂ ಇಳಿಯಲಿಲ್ಲ. ತುಂಬಾ ಸಿಕ್ಕವರು ಬರಿಗೈಯವರ ಚೀಲಕ್ಕೆ ಒಂದೊಂದು ಹಾಕಿದರು.

ಮನೆಗೆ ಬಂದ ತಕ್ಷಣ ಅತ್ತೆ ಕಾಟ್ಲಾವನ್ನು ಬೇರೆ ಮಾಡಿದರು. ಈ ಬಿಸಿಲಿಗೆ ಅದು ಬೇಗ ಕೆಡುತ್ತದೆ, ಅವತ್ತೇ ಆಗಬೇಕು. ಬೇಸಿಗೆ ಮೀನಿಗೆ ಮಣ್ಣಿನ ವಾಸನೆ ಜಾಸ್ತಿ, ಉಪ್ಪು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದರು. ಕೊರವಕ್ಕೆ ಅವಸರವಿರಲಿಲ್ಲ. ನಾಲ್ಕು ಬೆರಳು ನೀರು ಹಾಕಿದ ಹಂಡೆಯಲ್ಲಿ ಬಿಟ್ಟು, ಮೇಲೆ ಗೋಣಿಚೀಲ ಹೊದಿಸಿ ಕಲ್ಲು ಇಟ್ಟೆವು. ಹಾರುತ್ತದೆ ಅಲ್ವಾ! ಮಾರನೇ ದಿನ ಅದನ್ನು ಬೂದಿ ಹಚ್ಚಿ ತಿಕ್ಕಿ, ಖಾರ ಅರೆದು ಸಾರು ಮಾಡಿದರು. ಅಕ್ಕಿ ರೊಟ್ಟಿ ಜೊತೆ ಊಟ ಮಾಡಿ ನಾನು ಬಸ್ಸು ಹತ್ತಿದೆ.