ಪೆಟ್ಟಿಗೆ ಮೇಲಿನ ನಾಲ್ಕು ಅಕ್ಷರ

ಲೆಫ್ಸೆ ಮಾಡುವ ದಿನ ನನ್ನ ಅತ್ತೆಯ ಅಡುಗೆಮನೆಗೂ ಹೋಳಿಗೆ ಮಾಡುವ ದಿನ ಊರಿನ ನಮ್ಮಮ್ಮನ ಅಡುಗೆಮನೆಗೂ ಅಂಥ ವ್ಯತ್ಯಾಸವೇನಿಲ್ಲ. ಎಲ್ಲೆಲ್ಲೂ ಹಿಟ್ಟು, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಬೆಣ್ಣೆ, ಕೆನೆ, ಮೈದಾ ಹಾಕಿ ನಾದುತ್ತಾರೆ. ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಉದ್ದನೆಯ ಚಪ್ಪಟೆ ಕೋಲಿನಿಂದ ಎತ್ತಿ ದೊಡ್ಡ ಕಾವಲಿ ಮೇಲೆ ಹಾಸುತ್ತಾರೆ. ನಾರ್ವೆಯಿಂದ ಬಂದವರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಇದು ಆಗಲೇಬೇಕು. ನಾನು ಮದುವೆಯಾಗಿ ಅಮೆರಿಕದ ಮಿನ್ನೆಸೋಟಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ನನ್ನ ಲೆಫ್ಸೆ ಇನ್ನೂ ಯಾವುದೋ ದೇಶದ ನಕಾಶೆಯ ಹಾಗೇ ಬರುತ್ತದೆ. ಹಾಗಾಗಿ ನನಗೆ ಸಿಗುವುದು ಮೇಲುಗೆಲಸ.

ಆ ನವೆಂಬರ್ ಶನಿವಾರವೂ ಅಷ್ಟೇ. "ಕೆಳಗೆ ಹೋಗಿ ಹಳೇ ಪೆಟ್ಟಿಗೆಯಿಂದ ಬಿಳಿ ಬಟ್ಟೆ ತಗೊಂಡು ಬಾ" ಎಂದರು ಅತ್ತೆ. ಬಿಸಿ ಲೆಫ್ಸೆಯನ್ನು ಬಟ್ಟೆಯ ಮಡಿಕೆಯೊಳಗೆ ಇಡಬೇಕು, ಇಲ್ಲದಿದ್ದರೆ ಒಣಗಿ ಮುರಿಯುತ್ತದೆ. ನೆಲಮಾಳಿಗೆಯ ಬಲ್ಬು ಹೋಗಿತ್ತು. ಮಗಳು ಮೊಬೈಲಿನ ಟಾರ್ಚ್ ಹಿಡಿದು ಜೊತೆಗೆ ಬಂದಳು.

ಆ ಪೆಟ್ಟಿಗೆಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಅತ್ತೆಯ ತವರಿನಿಂದ ಬಂದದ್ದು. ಕಬ್ಬಿಣದ ಪಟ್ಟಿ, ಅಂಗೈಯಗಲದ ಬೀಗ, ಮೇಲೆ ಯಾರೋ ಬಳಿದ ಹಸಿರು ಬಣ್ಣ. ಮಗಳು ಟಾರ್ಚನ್ನು ಓರೆಯಾಗಿ ಹಿಡಿದಾಗ ಹಸಿರಿನ ಕೆಳಗೆ ಉಬ್ಬಿದ ಗೆರೆಗಳು ಕಂಡವು. ಮೊದಲ ಬಣ್ಣದ ಅಕ್ಷರಗಳು. ಬೆರಳಾಡಿಸಿ ಓದಿದಳು: ಓ, ಎಲ್, ಎಸ್, ಬಿ. ಕೆಳಗೆ 1866.

"ಅದು ನನ್ನ ಮುತ್ತಜ್ಜನ ಹೆಸರು, ಓಲೆ ಲಾರ್ಸ್ ಸೈಮನ್ ಬಕ್ಕೆನ್" ಎಂದರು ಅತ್ತೆ, ಕಾವಲಿಯಿಂದ ಕಣ್ಣು ತೆಗೆಯದೆ. "ನನ್ನಣ್ಣನಿಗೆ ಸೈಮನ್ ಅಂತ ಇಟ್ಟದ್ದೂ ಅದಕ್ಕೇ. ಮೊದಲು ನಮ್ಮ ಮನೆತನದ ಹೆಸರು ಉದ್ದ ಇತ್ತಂತೆ, ಎಲಿಸ್ ಐಲೆಂಡಿನಲ್ಲಿ ಗುಮಾಸ್ತ ಕತ್ತರಿಸಿದ."

ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನನ್ನ ಕಡೆಯದು ಮುತ್ತಜ್ಜನಿಂದ ಆಚೆಗೆ ಹೋಗುವುದಿಲ್ಲ. ಅಜ್ಜಿ ಹೇಳುತ್ತಿದ್ದ ಕಥೆ ಬಿಟ್ಟರೆ ಕಾಗದ ಯಾವುದೂ ಇಲ್ಲ. ಅವಳ ಅಪ್ಪನ ಕಡೆಯದನ್ನಾದರೂ ಸರಿಯಾಗಿ ಹಿಡಿಯೋಣ ಅಂತ ಆ ರಾತ್ರಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು.

ಮೊದಲ ಹತ್ತು ನಿಮಿಷಕ್ಕೇ ಗುಮಾಸ್ತನ ಕಥೆ ಬಿದ್ದುಹೋಯಿತು. ಎಲಿಸ್ ಐಲೆಂಡ್ ಎಂದರೆ ನ್ಯೂಯಾರ್ಕಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಜಾಗ, ಅದು ಶುರುವಾದದ್ದು 1892ರಲ್ಲಿ. ಪೆಟ್ಟಿಗೆ 1866ರದ್ದು. ಓಲೆ ಇಪ್ಪತ್ತಾರು ವರ್ಷ ಕಾದು ಹೆಸರು ಕತ್ತರಿಸಿಕೊಂಡನೇ? ಅಷ್ಟಕ್ಕೂ ಅಲ್ಲಿನ ಗುಮಾಸ್ತರು ಹೆಸರು ಬದಲಾಯಿಸುತ್ತಿರಲಿಲ್ಲ, ಹಡಗಿನವರು ತಂದ ಪಟ್ಟಿ ಇಟ್ಟುಕೊಂಡು ತಾಳೆ ನೋಡುತ್ತಿದ್ದರು ಅಷ್ಟೆ. ಈ ಕಥೆ ಅಮೆರಿಕದ ಅರ್ಧ ಮನೆಗಳಲ್ಲಿದೆ. 1860ರ ಸುಮಾರಿನಲ್ಲಿ ನಾರ್ವೆಯವರಲ್ಲಿ ಬಹುಪಾಲು ಜನ ಇಳಿಯುತ್ತಿದ್ದದ್ದು ನ್ಯೂಯಾರ್ಕಿನಲ್ಲೂ ಅಲ್ಲ, ಕೆನಡಾದ ಕ್ವಿಬೆಕ್‌ನಲ್ಲಿ. ಹಾಯಿಹಡಗುಗಳು ಬರುವಾಗ ಜನರನ್ನು ತುಂಬಿಕೊಂಡು ಬರುತ್ತಿದ್ದವು, ಹೋಗುವಾಗ ಮರ ತುಂಬಿಕೊಂಡು ಹೋಗುತ್ತಿದ್ದವು.

ಅಮೆರಿಕದ 1900ರ ಜನಗಣತಿಯಲ್ಲಿ ಓಲೆ ಸುಲಭವಾಗಿ ಸಿಕ್ಕ. ಹುಟ್ಟಿದ ಜಾಗ: ನಾರ್ವೆ. ಅಷ್ಟೇ ಬರೆದಿದ್ದರು. ಕರ್ನಾಟಕ ಅಂತ ಹೇಳಿ ಮನೆ ಹುಡುಕಿಕೋ ಎಂದ ಹಾಗೆ. ಚರ್ಚಿನ ಹಳೇ ಪುಸ್ತಕ ನೋಡಿ ಎಂದು ಒಬ್ಬರು ಹೇಳಿಕೊಟ್ಟರು. ಇಲ್ಲಿನ ಲೂಥರನ್ ಚರ್ಚುಗಳು ಮೊದಲೆಲ್ಲ ನಾರ್ವೆಯ ಭಾಷೆಯಲ್ಲೇ ಲೆಕ್ಕ ಇಡುತ್ತಿದ್ದವು, ಸತ್ತವರು ಯಾವ ಸೀಮೆಯಿಂದ ಬಂದವರು ಅಂತ ಪಾದ್ರಿ ಎಷ್ಟೋ ಸಲ ಬರೆದಿಟ್ಟಿರುತ್ತಾನೆ. ನಮ್ಮ ಪುಣ್ಯಕ್ಕೆ ಬರೆದಿದ್ದ. ವಾಲ್ಡ್ರೆಸ್ ಕಣಿವೆ, ನೂರ್ ಔರ್ದಾಲ್.

ಅಲ್ಲಿಂದ ಮುಂದಕ್ಕೆ ನಾರ್ವೆಯ ರಾಷ್ಟ್ರೀಯ ದಾಖಲೆಗಳ ಡಿಜಿಟಲ್‌ಆರ್ಕಿವೆಟ್. ಮನೆಯಲ್ಲಿ ಕೂತು ಬಿಟ್ಟಿಯಾಗಿ ನೋಡಬಹುದು. ಚರ್ಚಿನ ಪುಸ್ತಕಗಳ ಪುಟ ಪುಟವನ್ನೂ ಸ್ಕ್ಯಾನ್ ಮಾಡಿಟ್ಟಿದ್ದಾರೆ. 1801ರಲ್ಲೇ ಆ ದೇಶದವರು ಮನೆಮನೆಗೆ ಹೋಗಿ ಎಲ್ಲರ ಹೆಸರು ಬರೆದುಕೊಂಡಿದ್ದಾರೆ. ಆಳುಮಕ್ಕಳು, ಭಿಕ್ಷೆ ಬೇಡುವವರು ಯಾರನ್ನೂ ಬಿಟ್ಟಿಲ್ಲ. ಓದುತ್ತಾ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಸಮಾಧಿ ಕಲ್ಲಿನ ಮೇಲೆ ಹುಟ್ಟಿದ್ದು 1838 ಅಂತಿತ್ತು. ಅಪ್ಪ ಲಾರ್ಸ್. ಮನೆತನ ಬಕ್ಕೆನ್. ಹುಡುಕಿದೆ. ಅದೇ ಸೀಮೆಯಲ್ಲಿ, ಬಕ್ಕೆನ್ ಎನ್ನುವ ಜಾಗದಲ್ಲಿ, 1838ರಲ್ಲಿ, ಲಾರ್ಸ್ ಮತ್ತು ಕಾರಿ ಎಂಬವರಿಗೆ ಓಲೆ ಹುಟ್ಟಿದ್ದ. ಕುಣಿದಾಡಿದೆ. ಗಂಡನ ಕಡೆಯವರಿಗೆಲ್ಲ ಮೆಸೇಜು ಹೋಯಿತು. ನಾಲ್ಕು ತಲೆಮಾರು ಹಿಂದಕ್ಕೆ ಹೋಗಿ ಮರ ಬರೆದದ್ದಾಯಿತು. ಮಗಳು ಶಾಲೆಗೆ ಒಯ್ದು ಚಪ್ಪಾಳೆಯನ್ನೂ ಗಿಟ್ಟಿಸಿದಳು. ಗಂಡನ ಕಸಿನ್ ಒಬ್ಬಳು ಅದನ್ನೇ ಟೀ-ಶರ್ಟಿನ ಮೇಲೆ ಅಚ್ಚು ಹಾಕಿಸಲು ಹೊರಟಿದ್ದಳು.

ಮೂರು ವಾರ ಬಿಟ್ಟು ಸುಮ್ನೆ ಪುಟ ತಿರುಗಿಸುತ್ತಿದ್ದೆ. 1842ರ ಹೂಳಿದವರ ಪಟ್ಟಿ. ಆ ಕಾಲದ ಕೈಬರಹ ನಮ್ಮ ಮೋಡಿ ಅಕ್ಷರದ ಹಾಗೆ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಓಡುತ್ತದೆ. ಆದರೆ ಅಷ್ಟು ಹೊತ್ತಿಗೆ ನನ್ನ ಕಣ್ಣಿಗೆ "ಬಕ್ಕೆನ್" ಮಾತ್ರ ಚೆನ್ನಾಗಿ ಪಳಗಿತ್ತು. ಓಲೆ, ಲಾರ್ಸನ ಮಗ, ಬಕ್ಕೆನ್. ವಯಸ್ಸು 4.

ನಾನು ಅಮೆರಿಕಕ್ಕೆ ಹಡಗು ಹತ್ತಿಸಿದ ಹುಡುಗ ನಾಲ್ಕು ವರ್ಷಕ್ಕೇ ತೀರಿಕೊಂಡಿದ್ದ. ಆ ಪುಟದಲ್ಲಿ ಮಕ್ಕಳದೇ ಹೆಸರು ಜಾಸ್ತಿ. ಯಾರದ್ದೋ ಮಗುವನ್ನು ಎತ್ತಿಕೊಂಡು ಬಂದು ನಮ್ಮ ಮನೆಯದು ಅಂತ ಊರಿಗೆಲ್ಲ ತೋರಿಸಿದ ಹಾಗಾಗಿತ್ತು. ಟೀ-ಶರ್ಟ್ ಕಸಿನ್‌ಗೆ ಫೋನ್ ಮಾಡುವಷ್ಟರಲ್ಲಿ ನನಗೆ ಬೆವರು ಬಂದಿತ್ತು.

ಸುಳಿವು ಮೊದಲೇ ಇತ್ತು, ನಾನೇ ನೋಡಿರಲಿಲ್ಲ. ನಾರ್ವೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಹೆಸರಿಡುವುದಕ್ಕೆ ಒಂದು ರೂಢಿಯಿತ್ತು. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ಮೊದಲ ಹೆಣ್ಣಿಗೆ ಸಾಮಾನ್ಯವಾಗಿ ಅಪ್ಪನ ಅಮ್ಮನ ಹೆಸರು. ನಮ್ಮ ಓಲೆಯ ಹಿರಿಮಗ ಲಾರ್ಸ್, ಹಿರಿಮಗಳು ಇಂಗೆಬೋರ್ಗ್. ಅಂದಮೇಲೆ ಅವನ ತಾಯಿ ಇಂಗೆಬೋರ್ಗ್ ಆಗಿರಬೇಕಿತ್ತು, ಕಾರಿ ಅಲ್ಲ. ನನ್ನಣ್ಣನಿಗೆ ಅಜ್ಜನ ಹೆಸರು, ಅಕ್ಕನಿಗೆ ಅಜ್ಜಿಯ ಹೆಸರು ಇಟ್ಟ ಮನೆಯಿಂದ ಬಂದವಳು ನಾನು. ನನಗೇ ಹೊಳೆಯದಿದ್ದರೆ ಹೇಗೆ?

ಗಂಟು ಬಿಚ್ಚಿದ್ದು ಮಾತ್ರ ಬೇರೆ ಕಡೆಯಿಂದ. ಅಪ್ಪಯ್ಯ ಇಲ್ಲಿಗೆ ಬರಲು ವೀಸಾ ಅರ್ಜಿ ತುಂಬುತ್ತಿದ್ದೆ. ತೀರ್ಥಹಳ್ಳಿ ಕಡೆಯ ಹಳೇ ಮನುಷ್ಯ, ಹೆಸರಿನ ಹಿಂದೆ ಎರಡು ಇನಿಷಿಯಲ್. ಅರ್ಜಿಗೆ ಸರ್‌ನೇಮ್ ಬೇಕಂತೆ. ಫೋನಿನಲ್ಲಿ ಅಪ್ಪಯ್ಯನಿಗೆ ರೇಗಿಹೋಯಿತು. "ಎಷ್ಟು ಸಲ ಹೇಳೋದೇ ಮಾರಾಯ್ತಿ, ಮೊದಲನೇದು ಗುಡ್ಡೆಮನೆ, ಎರಡನೇದು ನನ್ನ ಅಪ್ಪನ ಹೆಸರು. ಇದರಲ್ಲಿ ಸರ್‌ನೇಮ್ ಎಲ್ಲಿಂದ ತರಲಿ?"

ಅಪ್ಪನ ಹೆಸರು. ಮನೆಯ ಹೆಸರು. ನಾನು ಫೋನ್ ಹಿಡಿದುಕೊಂಡೇ ನಕ್ಕೆ. ಪೆಟ್ಟಿಗೆಯ ಮೇಲಿದ್ದದ್ದೂ ಅದೇ ಅಲ್ವಾ? ಓ ಎಂದರೆ ಓಲೆ. ಎಲ್ ಎಂದರೆ ಲಾರ್ಸ್. ಎಸ್ ಎಂದರೆ ಮಗ. ನಾರ್ವೆಯ ಪೆಟ್ಟಿಗೆಗಳ ಮೇಲೆ ಹಾಗೇ ಬರೆಯುತ್ತಿದ್ದರು, ಮಗಳಾದರೆ ಎಸ್ ಬದಲು ಡಿ. ಸೈಮನ್ ಎಂಬುವನು ಯಾವತ್ತೂ ಇರಲೇ ಇಲ್ಲ. ಬಿ ಎನ್ನುವುದು ಮನೆತನವಲ್ಲ, ವಿಳಾಸ. ಬಕ್ಕೆನ್ ಎಂದರೆ ಇಳಿಜಾರು, ದಿಬ್ಬ. ಅಲ್ಲಿರುವಷ್ಟು ದಿನ ಆ ಹೆಸರು, ಬೇರೆ ಜಾಗಕ್ಕೆ ಹೋದರೆ ಬೇರೆ ಹೆಸರು. ಮನೆತನಕ್ಕೆ ಒಂದೇ ಹೆಸರು ಇಟ್ಟುಕೊಳ್ಳಲೇಬೇಕು ಅಂತ ನಾರ್ವೆಯಲ್ಲಿ ಕಾನೂನು ಬಂದದ್ದೇ 1923ರಲ್ಲಿ. ನಮ್ಮ ದೊಡ್ಡಪ್ಪ ಹಿಸೆಯಾಗಿ ತೋಟದಾಚೆ ಮನೆ ಕಟ್ಟಿದ ಮೇಲೆ ಗುಡ್ಡೆಮನೆಯವರು ಹೋಗಿ ಹೊಸ್ಮನೆಯವರಾಗಲಿಲ್ಲವೇ? ನಾನು ಓಲೆಯನ್ನು ಅವನು ಬಿಟ್ಟುಹೋದ ಮನೆಯಲ್ಲಿ ಹುಟ್ಟಿಸಲು ಹೊರಟಿದ್ದೆ. ಹುಟ್ಟಿದ ಮನೆ ಬೇರೆ ಇರಬಹುದು ಅಂತ ಯೋಚಿಸಿಯೇ ಇರಲಿಲ್ಲ.

ಈ ಸಲ ಹಿಂದಿನಿಂದ ಹೊರಟೆವು. ನಾರ್ವೆಯಲ್ಲಿ 1865ರ ಜನಗಣತಿ ನಡೆದದ್ದು ಡಿಸೆಂಬರ್ 31ಕ್ಕೆ. ಬಕ್ಕೆನ್ ಎಂಬ ಜಾಗದಲ್ಲಿ ಓಲೆ ಲಾರ್ಸನ್, ಹೆಂಡತಿ ಮಾರಿತ್, ಮಗ ಲಾರ್ಸ್, ಮಗಳು ಇಂಗೆಬೋರ್ಗ್. ನಾಲ್ವರೂ ಒಂದರ ಕೆಳಗೊಂದು. ಓಲೆಯ ಮುಂದೆ "ಹುಸ್ಮಾನ್ ಮೆದ್ ಯೂರ್" ಎಂದಿದೆ, ತುಂಡು ಜಮೀನಿರುವ ಒಕ್ಕಲು. ನಮ್ಮ ಕಡೆಯ ಒಕ್ಕಲಿನ ಹಾಗೇ, ಆದರೆ ಗೇಣಿ ಅಳೆಯುವುದಕ್ಕಿಂತ ಒಡೆಯನ ಹೊಲದಲ್ಲಿ ಇಂತಿಷ್ಟು ದಿನ ದುಡಿಯುವುದೇ ಹೆಚ್ಚು. ಆ ಗಣತಿಯಲ್ಲಿ ಜನರ ಜೊತೆ ದನಕರುವಿನ ಲೆಕ್ಕವೂ ಇದೆ, ಬಿತ್ತನೆಯ ಲೆಕ್ಕವೂ ಇದೆ. ಕುದುರೆ ಇಲ್ಲ. ಹಸು 2. ಕುರಿ 5. ಆಡು 3. ಬಿತ್ತಿದ್ದು ಕಾಲು ಪೀಪಾಯಿ ಬಾರ್ಲಿ, ಒಂದೂವರೆ ಪೀಪಾಯಿ ಆಲೂಗಡ್ಡೆ.

"ಇಷ್ಟೇನಾ ಅಮ್ಮಾ?" ಎಂದಳು ಮಗಳು.

ಇಷ್ಟೇ. ಆಗಷ್ಟೇ ಅಮೆರಿಕದ 1862ರ ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ಕೊಡುತ್ತೇನೆ ಅನ್ನುತ್ತಿತ್ತು. ದಕ್ಷಿಣ ಮಿನ್ನೆಸೋಟದ ಆ ನೆಲ ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರದ್ದು, 1851ರ ಒಪ್ಪಂದಗಳಲ್ಲಿ ಅವರ ಕೈಬಿಟ್ಟದ್ದು. ಅದನ್ನೂ ಮರದ ಬುಡದಲ್ಲಿ ಬರಿ ಅಂತ ಮಗಳಿಗೆ ಹೇಳಿದೆ, ಬರೆದಳು.

ಮದುವೆ ಪುಸ್ತಕದಲ್ಲಿ ಓಲೆಯ ಹುಟ್ಟೂರಿನ ಜಾಗ ಸಿಕ್ಕಿತು: ಹೌಗೆನ್. ಅಲ್ಲಿಂದ ನಾಮಕರಣದ ಪುಟ, ಡಿಸೆಂಬರ್ 1837. ಅಪ್ಪ ಲಾರ್ಸ್, ಅಮ್ಮ ಇಂಗೆಬೋರ್ಗ್. ಸಮಾಧಿ ಕಲ್ಲು ತಪ್ಪಿದ್ದು ಒಂದೇ ತಿಂಗಳು. ದೃಢೀಕರಣದ ಪುಸ್ತಕ ಇನ್ನೂ ಮಜವಾಗಿತ್ತು. ದೃಢೀಕರಣ ಅಂದರೆ ಬೆಳೆದ ಮಕ್ಕಳು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ಒಪ್ಪಿ ಹೇಳುವ ವಿಧಿ. ಹದಿನೈದರ ಹುಡುಗ ಪಾದ್ರಿಯ ಮುಂದೆ ನಿಂತು ಪಾಠ ಒಪ್ಪಿಸಬೇಕು. ಎಷ್ಟು ಕಲಿತಿದ್ದಾನೆ ಅಂತ ಪಾದ್ರಿ ಷರಾ ಬರೆಯುತ್ತಾನೆ. ಪಕ್ಕದಲ್ಲೇ ಸಿಡುಬಿನ ಲಸಿಕೆ ಹಾಕಿಸಿಕೊಂಡ ತಾರೀಖು. 1810ರಿಂದಲೇ ಲಸಿಕೆ ಇಲ್ಲದೆ ಅಲ್ಲಿ ದೃಢೀಕರಣವೂ ಇಲ್ಲ, ಮದುವೆಯೂ ಇಲ್ಲ. ಕೊನೆಗೆ, ಊರು ಬಿಟ್ಟವರ ಪಟ್ಟಿ. ಏಪ್ರಿಲ್ 1866, ನಾಲ್ಕು ಹೆಸರು, ಎಲ್ಲಿಗೆ ಎಂಬ ಕಡೆ "ಅಮೆರಿಕ". ಗಣತಿಯವನು ಬಂದುಹೋಗಿ ನಾಲ್ಕೇ ತಿಂಗಳು.

ನಾಮಕರಣದ ಪುಸ್ತಕವನ್ನು ಇನ್ನೆರಡು ಪುಟ ತಿರುಗಿಸಿದರೆ ಓಲೆಗೊಬ್ಬ ತಮ್ಮ. ಅವನೂ 1869ರಲ್ಲಿ ಅಮೆರಿಕಕ್ಕೇ ಹೊರಟಿದ್ದಾನೆ. ಆದರೆ ಅವನು ಹೊರಟದ್ದು ಹುಟ್ಟಿದ ಮನೆಯಿಂದ. ಹೆಸರಿನ ಕೊನೆಗೆ ಹೌಗೆನ್. ಹೌಗೆನ್ ಎಂದರೂ ದಿಣ್ಣೆಯೇ. ಅಣ್ಣ ದಿಬ್ಬದವನಾದ, ತಮ್ಮ ದಿಣ್ಣೆಯವನಾದ.

ಮರುವಾರ ಚರ್ಚಿನಲ್ಲಿ ಲೂಟೆಫಿಸ್ಕ್ ಊಟ. ಲೂಟೆಫಿಸ್ಕ್ ಅಂದರೆ ಒಣಮೀನನ್ನು ಕ್ಷಾರದ ನೀರಿನಲ್ಲಿ ನೆನೆಸಿ ಬೇಯಿಸಿದ್ದು. ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಸಂಸಾರ ನಡೆಯಬೇಕು. ಅಲ್ಲೇ ಅತ್ತೆಗೆ ಪ್ರಿಂಟ್ ತೋರಿಸಿದೆ.

"ಹೌಗೆನ್?" ಅತ್ತೆ ಫೋರ್ಕ್ ಕೆಳಗಿಟ್ಟರು. "ನಮ್ಮ ಹಿಂದಿನ ಬೆಂಚಿನಲ್ಲಿ ಕೂರುವ ಹೌಗೆನ್‌ಗಳಾ?"

ಅವರೇ. ಅವರ ಮುತ್ತಜ್ಜನ ಕಲ್ಲು ಓಲೆಯ ಕಲ್ಲಿನಿಂದ ಹದಿನೈದು ಹೆಜ್ಜೆ. ನೂರು ವರ್ಷಕ್ಕೂ ಜಾಸ್ತಿ ಕಾಲ ಎರಡೂ ಮನೆಯವರು ಮುಂದೆ ಹಿಂದೆ ಕೂತು ಹಾಡಿದ್ದಾರೆ. ಒಂದೇ ಮನೆಯವರು ಅಂತ ಯಾರಿಗೂ ನೆನಪುಳಿದಿಲ್ಲ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಹೈಸ್ಕೂಲಿನಲ್ಲಿ ಅವರ ಮನೆ ಹುಡುಗನ ಜೊತೆ ಎರಡು ಸಲ ಡ್ಯಾನ್ಸಿಗೆ ಹೋಗಿದ್ದೆ" ಎಂದರು. ಎಂಬತ್ತೊಂದರ ಮುಖ ಕೆಂಪಾಗಿತ್ತು. ನಮ್ಮಲ್ಲಾಗಿದ್ದರೆ ಸಗೋತ್ರ ಅಂತ ದೊಡ್ಡ ರಂಪವಾಗುತ್ತಿತ್ತು ಅಂದೆ. ಸಗೋತ್ರ ಅಂದರೇನು ಅಂತ ವಿವರಿಸುವಷ್ಟರಲ್ಲಿ ಕಾಫಿ ಆರಿಹೋಯಿತು.

ಎದುರಿಗೆ ಅತ್ತೆಯ ಅಣ್ಣ ಕೂತಿದ್ದರು, ವಯಸ್ಸು ಎಂಬತ್ನಾಲ್ಕು. ಎಸ್ ಎಂದರೆ ಸೈಮನ್ ಅಲ್ಲ, ಮಗ ಅಂತ ಹೇಳಿದ್ದಕ್ಕೆ ಮೀನನ್ನು ನಿಧಾನವಾಗಿ ಅಗಿದು ಮುಗಿಸಿ, "ಆಯ್ತು, ಮಗನೇ ತಾನೇ ನಾನೂ" ಎಂದರು.

ಆ ಭಾನುವಾರ ರಾತ್ರಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಪೆಟ್ಟಿಗೆ, ತಪ್ಪಿದ ಓಲೆ, ಸಿಕ್ಕಿದ ಓಲೆ, ಹಡಗು, ಕ್ವಿಬೆಕ್, 160 ಎಕರೆ. ಅಪ್ಪಯ್ಯ ಹೂಂ ಹೂಂ ಅನ್ನುತ್ತಾ ಕೇಳಿದರು. ಕೊಟ್ಟಿಗೆಯಿಂದ ಆಗಷ್ಟೇ ಬಂದಿದ್ದರು, ಹಿಂದೆ ಯಾವುದೋ ಕರು ಕೂಗುತ್ತಿತ್ತು.

"ಅಲ್ವೇ," ಎಂದರು ಕೊನೆಗೆ, "ಆ ಎರಡು ದನ ಯಾರಿಗೆ ಕೊಟ್ಟು ಹೋದ್ರಂತೆ?"

ಮಗಳು ಅಷ್ಟರಲ್ಲೇ ಲ್ಯಾಪ್‌ಟಾಪ್ ತೆರೆದು 1865ರ ಆ ಪುಟ ಹುಡುಕುತ್ತಿದ್ದಳು.