ಬೂದು ಚುಕ್ಕಿ

22 ನವೆಂಬರ್ 2025, ಶನಿವಾರ
ವಿಜಯಪುರ

ಅಕ್ಕನ ಮಗ ಸಣ್ಯಾನ ಕೆಲಸ ಹೋಗಿದೆ. ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಆಕೆ ಇದನ್ನೆಲ್ಲ ಓದುವವಳಲ್ಲ ಅನ್ನೋ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿಗೆ ಬಂದಿಳಿದವನು ಅವರ ಮನೆಗೆ ಹೋಗದೆ ಸೀದಾ ನಮ್ಮ ಮನೆಗೇ ಬಂದ. ಹಬ್ಬ ಇಲ್ಲ, ಜಾತ್ರೆ ಇಲ್ಲ. ಎರಡು ದೊಡ್ಡ ಬ್ಯಾಗು, ಕಂಕುಳಲ್ಲಿ ಒಂದು ರೈಸ್ ಕುಕ್ಕರ್. ಕುಕ್ಕರ್ ನೋಡಿದ ಕೂಡಲೇ ನನಗೆ ತಿಳಿಯಿತು. ಬೆಂಗಳೂರಿನ ರೂಮು ಖಾಲಿ ಮಾಡದೆ ಯಾರೂ ಕುಕ್ಕರ್ ಹೊತ್ತು ಊರಿಗೆ ಬರುವುದಿಲ್ಲ.

"ಮಾಮಾ, ಅವ್ವಗ ಈಗ ಹೇಳಬ್ಯಾಡ್ರಿ," ಅಂದ. ಸೋಮವಾರ ಜಮಖಂಡಿಯಿಂದ ಹುಡುಗಿ ಮನೆಯವರು ಬರುವವರಿದ್ದಾರೆ. ನಾನು ಸುಮ್ನೆ ತಲೆ ಆಡಿಸಿದೆ. ನನ್ನ ಹೆಂಡತಿಗೆ ಇಂಥ ಗುಟ್ಟು ಇಟ್ಟುಕೊಳ್ಳೋದು ಆಗುವ ಮಾತಲ್ಲ, ನೋಡೋಣ.

ಅವನು ಏನು ಕೆಲಸ ಮಾಡುತ್ತಿದ್ದ ಅಂತ ನಮ್ಮಲ್ಲಿ ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಅಕ್ಕ 'ಕಂಪ್ಯೂಟರ್' ಅನ್ನುತ್ತಾಳೆ, ಭಾವ 'ಕರೆಂಟ್ ಕಂಪನಿ' ಅನ್ನುತ್ತಾರೆ. ಇಬ್ಬರದೂ ಅರ್ಧ ಸರಿ. ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗ್ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ ಕೂತು ನಕ್ಷೆ ನೋಡುವ ಕೆಲಸ. ನಕ್ಷೆಯ ಮೇಲೆ ಒಂದೊಂದು ಚಾರ್ಜರಿಗೆ ಒಂದೊಂದು ಚುಕ್ಕಿ. ಹಸಿರು ಇದ್ದರೆ ಸರಿ, ಕೆಂಪು ಇದ್ದರೆ ಕೆಟ್ಟಿದೆ. ಬೂದು ಇದ್ದರೆ ಚಾರ್ಜರ್ ಮಾತೇ ಆಡುತ್ತಿಲ್ಲ. ಇಷ್ಟಿಷ್ಟು ಹೊತ್ತಿಗೆ ಒಮ್ಮೆ 'ನಾನಿದ್ದೇನೆ' ಅಂತ ಅದು ಸರ್ವರಿಗೆ ಒಂದು ಸಂದೇಶ ಕಳಿಸುತ್ತಿರಬೇಕು. ಹಾರ್ಟ್‌ಬೀಟ್ ಅಂತಾರೆ. ಅದು ಬರದೇ ಹೋದರೆ ಚುಕ್ಕಿ ಬೂದು.

ಸಂಜೆ ಗಗನ ಮಹಲಿನ ಕಡೆ ಅಡ್ಡಾಡಲು ಹೋದಾಗ ಕೇಳಿದೆ. ಬೂದು ಬಂದರೆ ಏನು ಮಾಡ್ತಿದ್ದಿ?

"ಮೊದಲು ಇಲ್ಲಿಂದಲೇ ರೀಸೆಟ್ ಹೊಡೀತೀವಿ. ಆಗಲಿಲ್ಲಂದ್ರ ಸಿಮ್ ನೋಡ್ತೀವಿ."

ಪ್ರತಿ ಚಾರ್ಜರಿನೊಳಗೆ ಒಂದು ಸಿಮ್ ಕಾರ್ಡ್ ಇರುತ್ತಂತೆ, ನಮ್ಮ ಫೋನಿನಲ್ಲಿ ಇರೋ ಹಾಗೆ. ಅದರ ದುಡ್ಡು ಕಟ್ಟೋದು ಯಾರೋ ಮರೆತರೆ ಕರೆಂಟು ಇದ್ದೂ ಚಾರ್ಜರ್ ಸತ್ತ ಹಾಗೆ. ಆ್ಯಪಿನಿಂದ ಚಾಲೂ ಮಾಡಲು ಬರುವುದಿಲ್ಲ. ಸಿಮ್ ಸರಿ ಇದ್ದರೆ ಜಾಗದ ಮಾಲಕರಿಗೆ ಫೋನು. "ಅಣ್ಣಾರ, ಎಂಸಿಬಿ ಬಿದ್ದೈತೇನು ನೋಡ್ರಿ." ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು. ಅದು ಬಿದ್ದಿಲ್ಲ ಅಂದರೆ ಹೆಸ್ಕಾಂ ಲೈನ್‌ಮನ್‌ಗೆ ಫೋನು: ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋಗಿದೆಯಾ, ವೋಲ್ಟೇಜ್ ಎಷ್ಟು ಬರ್ತಿದೆ. ಅದೂ ಸರಿ ಇದ್ದರೆ ಆಮೇಲೆ ಹುಬ್ಬಳ್ಳಿಯಿಂದ ಟೆಕ್ನಿಶಿಯನ್ ಹೊರಡಬೇಕು.

ನಮ್ಮ ಕಡೆಯ ರೋಗಗಳೇ ಬೇರೆ ಅಂದ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿ ಹೋಗುತ್ತದೆ. ಅರ್ತಿಂಗ್ ಸರಿ ಇಲ್ಲದಿದ್ದರೆ ಗಾಡಿಗೆ ಕರೆಂಟು ಕೊಡೋದಕ್ಕೇ ಚಾರ್ಜರ್ ಒಪ್ಪುವುದಿಲ್ಲ. ಯಾರಾದರೂ ನಾಲ್ಕು ಕೊಡ ನೀರು ಹಾಕಿದರೆ ಎಷ್ಟೋ ಸಲ ಸರಿ ಹೋಗುತ್ತೆ. ಫಾಸ್ಟ್ ಚಾರ್ಜರಿನ ಒಳಗೆ ಬಿಸಿ ಹೊರಹಾಕುವ ಫ್ಯಾನು, ಅದರ ಮುಂದೆ ಫಿಲ್ಟರ್. ನಮ್ಮ ಧೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಆಗ ಯಂತ್ರ ತಾನೇ ಕರೆಂಟ್ ಇಳಿಸುತ್ತದೆ ಅಥವಾ ನಿಂತೇ ಬಿಡುತ್ತದೆ.

"ಯಾವ ಡಾಬಾದವ ಫೋನ್ ಎತ್ತತಾನ, ಯಾವ ಲೈನ್‌ಮನ್ ಯಾವ ಹೊತ್ತಿಗೆ ಸಿಗತಾನ, ಇದು ಯಾವ ಸಾಫ್ಟ್‌ವೇರಿನಾಗೂ ಇಲ್ಲ ಮಾಮಾ. ನನ್ನ ಆಫೀಸ್ ಫೋನಿನಾಗ ಇತ್ತು. ಫೋನು, ಲ್ಯಾಪ್‌ಟಾಪು ಎರಡೂ ಇಸ್ಕೊಂಡ್ರು. ಆ ನಂಬರು ಯಾರಿಗೆ ಕೊಡ್ಲಿ ಅಂತ ಕೇಳಿದೆ. ಎಚ್‌ಆರ್ ಮೇಡಂ ಸುಮ್ನ ನನ್ನ ಮುಖ ನೋಡಿದ್ರು."

ಮೊದಲು ಮೂರು ಶಿಫ್ಟ್ ಇತ್ತಂತೆ. ಇನ್ನು ಮೇಲೆ ಹಗಲು ಮಾತ್ರ. ರಾತ್ರಿ ಬೂದಾದ ಚುಕ್ಕಿ ಬೆಳಗಿನವರೆಗೂ ಬೂದು.

ನಾನು ಟೆಸ್ಲಾದ ವಿಷಯ ತೆಗೆದೆ. 2024ರ ಏಪ್ರಿಲ್ ಕೊನೆಯಲ್ಲಿ ಇಲಾನ್ ಮಸ್ಕ್ ಅದರ ಚಾರ್ಜಿಂಗ್ ಜಾಲ ನೋಡಿಕೊಳ್ಳುವ ಸೂಪರ್‌ಚಾರ್ಜರ್ ವಿಭಾಗವನ್ನು ಹೆಚ್ಚುಕಮ್ಮಿ ಪೂರ್ತಿ ಮನೆಗೆ ಕಳಿಸಿದ್ದರು. ಸುಮಾರು 500 ಜನ, ಮುಖ್ಯಸ್ಥೆ ರೆಬೆಕ್ಕಾ ಟಿನುಚ್ಚಿಯವರೂ ಸೇರಿ. ಅದೂ ಎಂಥ ಹೊತ್ತಿನಲ್ಲಿ? ಹಿಂದಿನ ವರ್ಷವಷ್ಟೇ ಫೋರ್ಡ್, ಜನರಲ್ ಮೋಟರ್ಸ್ ಎರಡೂ ಟೆಸ್ಲಾದ ಪ್ಲಗ್ಗೇ ನಮಗೂ ಇರಲಿ ಅಂತ ಒಪ್ಪಿಕೊಂಡಿದ್ದವು. ಹೊಸ ಜಾಗಗಳ ಕೆಲಸ ನಿಧಾನ ಮಾಡುತ್ತೇವೆ, ಇರುವುದನ್ನು ಚೆನ್ನಾಗಿ ನಡೆಸುತ್ತೇವೆ ಅಂತ ಮಸ್ಕ್ ಹೇಳಿದರು. ಮೇ ತಿಂಗಳಲ್ಲಿ, ಆ ವರ್ಷವೇ ಚಾರ್ಜರ್‌ಗಳಿಗೆ 50 ಕೋಟಿ ಡಾಲರಿಗೂ ಜಾಸ್ತಿ ಹಾಕುತ್ತೇವೆ ಅಂದರು. ಕಳಿಸಿದವರಲ್ಲಿ ಕೆಲವರನ್ನು ವಾಪಸ್ ಕರೆದರು.

"ನೋಡು, ಅವರದೇನೂ ಮುಳುಗಲಿಲ್ಲವಲ್ಲ," ಅಂದೆ. ಧೈರ್ಯ ಹೇಳೋಣ ಅಂತ.

ಸಣ್ಯಾ ಒಪ್ಪಲಿಲ್ಲ. ಅಲ್ಲಿ ಯಂತ್ರ ಟೆಸ್ಲಾದ್ದು, ಸಾಫ್ಟ್‌ವೇರ್ ಟೆಸ್ಲಾದ್ದು, ಗಾಡಿಯೂ ಬಹುಪಾಲು ಟೆಸ್ಲಾದ್ದೇ. ಒಂದೇ ಮನೆ. ಜನ ಕಡಿಮೆಯಾದರೂ ಯಂತ್ರಕ್ಕೂ ಗಾಡಿಗೂ ಹೊಂದಾಣಿಕೆ ಕೆಡಲಿಲ್ಲ. ಏಟು ಬಿದ್ದದ್ದು ಹೊಸ ಜಾಗಗಳ ಮಾತುಕತೆಗೆ, ಗುತ್ತಿಗೆದಾರರಿಗೆ. ನಿನ್ನೆ ತನಕ ಮಾತಾಡಿದವರು ಇವತ್ತು ಇಲ್ಲ, ಬಿಲ್ ಯಾರಿಗೆ ಕಳಿಸೋದು ಅಂತ ಅವರಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಹಾಗಲ್ಲ. ಯಂತ್ರ ಒಬ್ಬರದು, ಸಾಫ್ಟ್‌ವೇರ್ ಇನ್ನೊಬ್ಬರದು, ಸಿಮ್ ಮತ್ತೊಬ್ಬರದು, ಜಾಗ ಡಾಬಾದವರದು, ಕರೆಂಟು ಹೆಸ್ಕಾಂದು, ಗಾಡಿ ಹತ್ತು ಕಂಪನಿಗಳದು. ಇದು ಕೌದಿ ಇದ್ದಂತೆ. ಹೊಲಿಗೆ ಬಿಚ್ಚಿದರೆ ತುಂಡುಗಳು ಚೆನ್ನಾಗೇ ಇರುತ್ತವೆ, ಹೊದೆಯಲು ಮಾತ್ರ ಬರುವುದಿಲ್ಲ. ಆ ಹೊಲಿಗೆ ಯಾರು ಅಂದರೆ ಕುಕ್ಕರ್ ಹಿಡಿದು ಬಂದ ಇವನಂಥವರು.

ಇದು ನನ್ನ ತಲೆಯಿಂದ ಹೋಗುತ್ತಿಲ್ಲ. ಯಾಕಂದರೆ ನಾನು ನೋಡಿದ್ದೇನೆ. ಬಾಗಲಕೋಟೆ ದಾರಿಯ ಆ ಡಾಬಾ (ನವನಗರಕ್ಕೆ ನಮ್ಮ ಮಾವನವರ ಮನೆಗೆ ಹೋಗುವಾಗ ನಿಲ್ಲುತ್ತೇವಲ್ಲ, ಅದೇ). ಆ್ಯಪಿನಲ್ಲಿ ಹಸಿರು. ಹತ್ತಿರ ಹೋದರೆ ಗನ್ನಿನ (ಗಾಡಿಗೆ ಚುಚ್ಚುವ ಪ್ಲಗ್ಗಿನ) ಕೊಂಡಿ ಮುರಿದು ಗಾಡಿಗೆ ಕೂಡುವುದೇ ಇಲ್ಲ. ಮಳೆ ನೀರು ಹೋಗದಿರಲಿ ಅಂತ ಡಾಬಾದವರು ಗೊಬ್ಬರದ ಚೀಲ ಸುತ್ತಿದ್ದರು. ಯಂತ್ರ 'ನಾನಿದ್ದೇನೆ' ಅನ್ನುತ್ತಲೇ ಇತ್ತು, ಸುಳ್ಳೇನಲ್ಲ.

ಅಮೆರಿಕದಲ್ಲೂ ಇದೇ ಕಥೆ. ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ರೆಂಪೆಲ್ ಮತ್ತು ಸಂಗಡಿಗರು 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ 181 ಫಾಸ್ಟ್ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಹೋಗಿ 657 ಗನ್‌ಗಳನ್ನು ಪರೀಕ್ಷೆ ಮಾಡಿದ್ದರು. ಟೆಸ್ಲಾ ಬಿಟ್ಟು ಉಳಿದ ಕಂಪನಿಗಳವು. ಕೆಲಸ ಮಾಡುತ್ತಿದ್ದದ್ದು ಶೇ. 72.5. ಒಂದು ವಾರ ಬಿಟ್ಟು ಕೆಲವನ್ನು ಮತ್ತೆ ನೋಡಿದರೆ ಪರಿಸ್ಥಿತಿ ಹಾಗೇ ಇತ್ತು. ಆಮೇಲೆ 2023ರಲ್ಲಿ ಅಲ್ಲಿನ ಸರ್ಕಾರ, ನಮ್ಮ ದುಡ್ಡು ಬೇಕಾದರೆ ಚಾರ್ಜರ್‌ಗಳು ವರ್ಷದಲ್ಲಿ ಶೇ. 97ಕ್ಕಿಂತ ಹೆಚ್ಚು ಹೊತ್ತು ಚಾಲೂ ಇರಬೇಕು ಅಂತ ನಿಯಮ ಮಾಡಿತು. ನಮ್ಮ ಕೇಂದ್ರ ಸರ್ಕಾರದ ಎಲೆಕ್ಟ್ರಿಕ್ ಗಾಡಿಗಳ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿಯಲ್ಲಿ 2,000 ಕೋಟಿ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಅಂತಿದೆ. ಬಹಳ ಒಳ್ಳೆಯದು. ಹೊಸ ಚಾರ್ಜರ್ ಹಾಕಿದ ದಿನ ರಿಬ್ಬನ್ ಕತ್ತರಿಸಲು ಜನ ಬರುತ್ತಾರೆ. ಫಿಲ್ಟರ್ ಕೊಡವುವ ದಿನ ಯಾರೂ ಬರುವುದಿಲ್ಲ.

ಇನ್ನೊಂದು ಸಿಟ್ಟಿದೆ. ಜನ ಕಡಿಮೆ ಮಾಡಿದ ಕಂಪನಿ ಇದ್ದವರನ್ನು ಎಲ್ಲಿಗೆ ಕಳಿಸುತ್ತದೆ? ಹೆಚ್ಚು ಗಾಡಿ ಬರುವಲ್ಲಿಗೆ. ರಾಜ್ಯದ ಚಾರ್ಜರ್‌ಗಳಲ್ಲಿ ಬಹುಪಾಲು ಇರುವುದೇ ಬೆಂಗಳೂರಿನಲ್ಲಿ. ಅಲ್ಲಿ ಒಂದು ಕೆಟ್ಟರೆ ಮುಂದಿನ ಸರ್ಕಲ್ಲಿಗೆ ಹೋದರಾಯಿತು. ಇಲ್ಲಿ ಒಂದು ಕೆಟ್ಟರೆ ಆ ದಾರಿಯೇ ಕೆಟ್ಟಂತೆ, ಅಲ್ವಾ? ಆದರೂ ನಮ್ಮದು ಪಟ್ಟಿಯಲ್ಲಿ ಕೊನೆಗೆ. ದಿನಕ್ಕೆ ಎರಡು ಗಾಡಿ ಬರುವ ಚಾರ್ಜರಿಗಾಗಿ ಹುಬ್ಬಳ್ಳಿಯಿಂದ ಒಬ್ಬನನ್ನು ಕಳಿಸುವ ಖರ್ಚು ಲೆಕ್ಕಕ್ಕೆ ಕೂಡುವುದಿಲ್ಲ ಅಂತಾರೆ. ಆಮೇಲೆ ಯಾರೂ ಅಲ್ಲಿಗೆ ಹೋಗುವುದಿಲ್ಲ. ಆಗ ನೋಡಿ, ಇಲ್ಲಿ ಗಿರಾಕಿಯೇ ಇಲ್ಲ ಅಂತಾರೆ.

ಊಟಕ್ಕೆ ಕೂತಾಗ ಸಣ್ಯಾ ನಾಲ್ಕು ರೊಟ್ಟಿ ತಿಂದ. ಎಣ್ಣೆಗಾಯಿ ಮುಗಿಸಿ ಪಾತ್ರೆಯನ್ನೂ ಒರೆಸಿದ. ಕೆಲಸ ಹೋದವನ ಹಸಿವಲ್ಲ ಅದು! ಹೆಂಡತಿಗೆ ಅನುಮಾನ ಬಂದಿದೆ, "ಕುಕ್ಕರ್ ಯಾಕ ತಂದೀಯೋ?" ಅಂದಳು. "ರಿಪೇರಿಗೆ ಅತ್ತಿ," ಅಂದ ಬಡ್ಡಿಮಗ. ಬೆಂಗಳೂರಿನಲ್ಲಿ ಕುಕ್ಕರ್ ರಿಪೇರಿ ಮಾಡುವವರು ಇಲ್ಲ ಅನ್ನುವ ಹಾಗೆ.

ನನ್ನ ಫೋನಿನಲ್ಲಿ ಮೂರು ಚಾರ್ಜಿಂಗ್ ಆ್ಯಪ್‌ಗಳಿವೆ. ಮೂರರಲ್ಲೂ ಒಂದಿಷ್ಟು ದುಡ್ಡು ಹಾಕಿಟ್ಟಿದ್ದೇನೆ. ಈ ವರ್ಷ ಏಪ್ರಿಲ್‌ನಲ್ಲಿ ಬ್ಲೂಸ್ಮಾರ್ಟ್ ಎಲೆಕ್ಟ್ರಿಕ್ ಟ್ಯಾಕ್ಸಿಗಳು ನಿಂತಾಗ ವಾಲೆಟ್ಟಿನಲ್ಲಿ ಸಿಕ್ಕಿಬಿದ್ದ ದುಡ್ಡಿಗಾಗಿ ಜನ ಕೂಗಾಡಿದ್ದು ನೆನಪಾಗಿ, ಎದ್ದು ಕೂತು ಯಾವುದರಲ್ಲಿ ಎಷ್ಟಿದೆ ಅಂತ ನೋಡಿದೆ. ದೊಡ್ಡ ಮೊತ್ತವೇನಲ್ಲ. ಆದರೂ.

ಒಂಬತ್ತೂವರೆಗೆ ಸಣ್ಯಾನ ಸ್ವಂತ ನಂಬರಿಗೆ ಫೋನು ಬಂತು. ಅದೇ ಡಾಬಾದವರು. ಕೆಂಪು ದೀಪ ಹತ್ತಿದೆ, ಸೊಲ್ಲಾಪುರದ ಗಾಡಿಯೊಂದು ನಿಂತಿದೆ, ಒಳಗೆ ಸಣ್ಣ ಮಕ್ಕಳಿದ್ದಾರೆ. ಇವನು ಅಂಗಳದಲ್ಲಿ ನಿಂತು ಹೇಳಿಕೊಟ್ಟ. ಮೊದಲು ಗನ್ ತೆಗೀರಿ, ಎಮರ್ಜೆನ್ಸಿ ಬಟನ್ ಯಾರಾದರೂ ಒತ್ತಿದ್ದಾರಾ ನೋಡ್ರಿ, ಬಲಕ್ಕೆ ತಿರುಗಿಸಿ ಬಿಡ್ರಿ, ಎಂಸಿಬಿ ಇಳಿಸಿ ಐದು ನಿಮಿಷ ಬಿಟ್ಟು ಏರಿಸ್ರಿ. ಆಯಿತು. ಚಾಲೂ ಆಯಿತು. "ನಾನು ಈಗ ಕಂಪನಿಯಾಗ ಇಲ್ರೀ" ಅಂತ ಹೇಳಲೇ ಇಲ್ಲ ಅವನು. ಯಾಕೆ ಅಂತ ನಾನೂ ಕೇಳಲಿಲ್ಲ.

ಬಟನ್ನಿನದು ಆದ್ದರಿಂದ ಆಯಿತು. ಒಳಗಿನ ದೋಷವಾಗಿದ್ದರೆ ಸರ್ವರಿನಿಂದಲೇ ಸರಿ ಮಾಡಬೇಕು, ಅದರ ಲಾಗಿನ್ ಇವನದು ಬಂದ್ ಆಗಿದೆ. ಡಾಬಾದವರು ಏನೋ ಒಂದು ಮಾತು ಹೇಳಿದರಂತೆ: ಕಂಪನಿ ಹಾಳಾಗಿ ಹೋಗಲಿ, ನೀವೇ ತಿಂಗಳಿಗೆ ಇಷ್ಟು ಅಂತ ತಗೊಂಡು ನೋಡ್ಕೊಳ್ರಿ ಅಂತ. ನಗಲಿಕ್ಕೆ ಹೇಳಿದ್ದೋ, ನಿಜವಾಗಿಯೋ. ನನಗಂತೂ ತಲೆ ಓಡತೊಡಗಿತು. ಈ ದಾರಿಯಲ್ಲಿ ಅಂಥ ಎಷ್ಟು ಚಾರ್ಜರ್ ಇರಬಹುದು? ಒಬ್ಬ ಹುಡುಗ, ಒಂದು ಬೈಕು, ಒಂದು ಮಲ್ಟಿಮೀಟರು. ಆದರೆ ಜಾಗ ಡಾಬಾದವರದಾದರೂ ಮೀಟರ್ ಕಂಪನಿಯ ಹೆಸರಿನಲ್ಲಿದೆ, ಯಂತ್ರ ಬ್ಯಾಂಕಿನ ಸಾಲದ್ದು. ಬಾಗಿಲು ತೆಗೆದರೆ ವಾರಂಟಿ ಹೋಗುತ್ತದೆ, ಮೇಲಿಂದ ಕೇಸು ಹಾಕಿದರೆ? ಅಗ್ರಿಮೆಂಟಿನಲ್ಲಿ ಏನಿದೆ ಅಂತ ಒಮ್ಮೆ ಓದಬೇಕು. ಡಾಬಾದವರು ಓದದೇ ಸಹಿ ಮಾಡಿದ್ದಾರಂತೆ, ಅವರ ಪ್ರತಿ ಎಲ್ಲಿದೆಯೋ ಗೊತ್ತಿಲ್ಲವಂತೆ. ಸ್ಟಾಂಪ್ ವೆಂಡರ್ ಹತ್ತಿರ ಝೆರಾಕ್ಸ್ ಇದ್ದರೂ ಇರಬಹುದು.